ಪಡುವಣ ಕಿಟಕಿಯ ಸೆಕೆ

ಪ್ರಶ್ನೆ: ಪಡುವಣ ಕಿಟಕಿಗೆ ದಪ್ಪ ಕಂದು ಪರದೆ ಹಾಕಿದ್ದೇವೆ. ಆದರೂ ಮೂರು ಗಂಟೆ ಕಳೆದರೆ ಕೋಣೆಯಲ್ಲಿ ಕೂರಲಾಗದಷ್ಟು ಸೆಕೆ. ಏಕೆ?
– ಓದುಗರು, ಕುಂಬಳೆ

ಉತ್ತರ: ಇಲ್ಲಿ ದಪ್ಪಕ್ಕಿಂತ ಬಣ್ಣ ಮುಖ್ಯ. ಸಾದಾ ಒಂಟಿ ಗಾಜು ಬಿಸಿಲಿನ ಶಾಖದಲ್ಲಿ ಶೇ. 80ಕ್ಕೂ ಹೆಚ್ಚನ್ನು ಒಳಗೆ ಬಿಡುತ್ತದೆ. ಕಂದು ಬಟ್ಟೆ ಅದನ್ನು ಹೀರಿ, ತಾನೇ ಕಾದು, ಕೋಣೆಗೇ ಬಿಡುತ್ತದೆ. ಬಟ್ಟೆಯಿಂದ ಹೊಮ್ಮುವ ಆ ಶಾಖಕಿರಣ ಗಾಜನ್ನು ದಾಟಿ ಹೊರಹೋಗದು. ಬಿಳಿ ಬಟ್ಟೆಯಾದರೆ ಬಿಸಿಲನ್ನು ಬೆಳಕಿನ ರೂಪದಲ್ಲೇ ಹಿಂದಕ್ಕೆ ಕಳಿಸುತ್ತದೆ. ಬೆಳಕಿಗೆ ಗಾಜು ಅಡ್ಡಿಯಲ್ಲ.

ಹೊಸ ಪರದೆ ಬೇಡ. ಗಾಜಿನ ಕಡೆಗೆ ಒತ್ತಾದ ಬಿಳಿ ಅಸ್ತರು ಹೊಲಿಸಿ. ಪರದೆ ಚೌಕಟ್ಟಿಗಿಂತ ಎರಡೂ ಬದಿ 10–15 ಸೆಂ.ಮೀ. ಅಗಲವಿರಲಿ, ಮೇಲಿನ ಸಂದನ್ನು ಹಲಗೆಯಿಂದ ಮುಚ್ಚಿ. ಇಲ್ಲವಾದರೆ ಕಾದ ಗಾಳಿ ಅಲ್ಲಿಂದಲೇ ಒಳನುಗ್ಗುತ್ತದೆ. ಬಿಸಿಲು ಗಾಜಿಗೆ ತಾಗುವ ಮೊದಲೇ ಎಳೆಯಬೇಕು. ನೆಲ ಕಾದ ಮೇಲೆ ಎಳೆದು ಫಲವಿಲ್ಲ.

ನಮ್ಮನ್ನು ಕೇಳಿದರೆ, ಹೊರಗೆ ಬಿದಿರುಕಡ್ಡಿಯ ಪರದೆ ಅಥವಾ ಹೆಣೆದ ತೆಂಗಿನ ಮಡಲಿನ ತಟ್ಟಿಯೇ ಮೇಲು: ಹೀರಿದ ಶಾಖ ಗಾಳಿಗೆ ಹೊರಗೇ ಹೋಗುತ್ತದೆ. ಸಂಜೆಯ ಬಿಸಿಲು ಓರೆಯಾದ್ದರಿಂದ ಸಜ್ಜಾ ಅದನ್ನು ತಡೆಯದು. ಹೊರಗಿನ ಈ ಪರದೆ, ತಟ್ಟಿಗಳನ್ನು ಮಳೆಗಾಲಕ್ಕೆ ಮೊದಲು ಬಿಚ್ಚಿಡಿ. ಗಾಜು ಕಪ್ಪು ಛಾಯೆಯದಾದರೆ ಬೆಳ್ಳಿ ಬಣ್ಣದ ಹಾಳೆಯನ್ನು ಒಳಗೆ ಗಾಜಿಗೆ ಒತ್ತಿ ಇಡಬೇಡಿ. ನಡುಭಾಗ ಕಾದು, ಅಂಚು ತಣ್ಣಗುಳಿದು ಗಾಜು ಸೀಳಬಹುದು.