ಹಳೆಯ ವಿದ್ಯಾರ್ಥಿಗಳ ಪಟ್ಟಿ ನೋಡಿ ಮಗನಿಗೆ ಶಾಲೆ ಆರಿಸಬಹುದೇ?

ನೀವು ಕೇಳಿರುವುದನ್ನು 2018ರಲ್ಲಿ ನಾನೇ ಕೇಳಿಕೊಳ್ಳುತ್ತಿದ್ದೆ. ಲಂಡನ್ನಿನ ವಾಯವ್ಯದಲ್ಲಿ ಬಾಡಿಗೆ ಮನೆ, ಹತ್ತು ತುಂಬಿದ ಮಗ, ಹತ್ತಿರವಾಗುತ್ತಿದ್ದ ಪ್ರವೇಶ ಪರೀಕ್ಷೆ. ಲಂಡನ್ನಿನ ಹಳೆಯ ಖಾಸಗಿ ಶಾಲೆಯಾದ ಮರ್ಚೆಂಟ್ ಟೇಲರ್ಸ್‌ನ ಹಳೆಯ ವಿದ್ಯಾರ್ಥಿಗಳ ಹೆಸರು ಕೊಟ್ಟು, ಕವಿ ಎಡ್ಮಂಡ್ ಸ್ಪೆನ್ಸರ್, ಪ್ಲಾಸಿ ಕದನದ ರಾಬರ್ಟ್ ಕ್ಲೈವ್, ಭೌತವಿಜ್ಞಾನಿ ಜೇಮ್ಸ್ ಜೀನ್ಸ್ ಅವರನ್ನು ರೂಪಿಸಿದ ಶಾಲೆ ನಿಮ್ಮ ಮಗನನ್ನೂ ರೂಪಿಸುವುದಿಲ್ಲವೇ ಎಂದಿದ್ದೀರಿ. ನಾನು ಮಗನನ್ನು ಸೇರಿಸಿದ್ದು ಅಂತಹದೇ ಇನ್ನೊಂದು ಹಳೆಯ ಶಾಲೆಗೆ. ಅದರ ಹೆಸರು ಇಲ್ಲಿ ಬೇಡ, ಅವರ ತಪ್ಪೇನೂ ಇರಲಿಲ್ಲ. ಆದರೆ ಆ ದಿನಗಳಲ್ಲಿ ನಾನು ಮತ್ತೆ ಮತ್ತೆ ಓದಿದ್ದು ನೀವು ಕೊಟ್ಟಿರುವ ಪಟ್ಟಿಯನ್ನೇ, ಏಕೆಂದರೆ ನಮ್ಮ ಕಡೆಯವರು ಮರೆಯಬಾರದ ಒಬ್ಬರು ಅದರಲ್ಲಿದ್ದಾರೆ. ನೀವು ಅವರನ್ನು ಬಿಟ್ಟಿದ್ದೀರಿ.

ಜಾನ್ ಫೇತ್‌ಫುಲ್ ಫ್ಲೀಟ್. 1847ರಲ್ಲಿ ಹುಟ್ಟಿದವರು, ಮರ್ಚೆಂಟ್ ಟೇಲರ್ಸ್‌ನಲ್ಲಿ ಓದಿದವರು. 1867ರಲ್ಲಿ ಮುಂಬಯಿ ಪ್ರಾಂತಕ್ಕೆ ಅಧಿಕಾರಿಯಾಗಿ ಬಂದರು. ಐಹೊಳೆಯ ಮೇಗುತಿಯಲ್ಲಿರುವ ಇಮ್ಮಡಿ ಪುಲಕೇಶಿಯ ಶಾಸನವನ್ನು ಓದಿ ಪ್ರಕಟಿಸಿದರು. 1882ರಲ್ಲಿ ಕನ್ನಡ ಜಿಲ್ಲೆಗಳನ್ನು ಆಳಿದ ರಾಜವಂಶಗಳ ಚರಿತ್ರೆ ಬರೆದರು, ಮರುವರ್ಷ ಭಾರತ ಸರ್ಕಾರದ ಮೊದಲ ಶಾಸನತಜ್ಞರಾದರು. ನಾನು ಮುಧೋಳದ ಕಡೆಯವನು. 1857ರಲ್ಲಿ ಆಯುಧ ಒಪ್ಪಿಸುವುದಿಲ್ಲವೆಂದು ತಿರುಗಿ ನಿಂತ ಹಲಗಲಿಯ ಬೇಡರ ಮೇಲೆ ಕಂಪನಿಯ ದಂಡು ಬಂದು ಊರನ್ನು ಸುಟ್ಟಿತು, ಹಲವರನ್ನು ಗಲ್ಲಿಗೇರಿಸಿತು. ಆ ದಂಗೆಯ ಲಾವಣಿಯನ್ನೂ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಸಂಗ್ರಹಿಸಿ, 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವರು ಇದೇ ಫ್ಲೀಟ್. ನಮ್ಮ ಅಜ್ಜ ಹಾಡುತ್ತಿದ್ದ ಪದವನ್ನು ಕಾಗದಕ್ಕೆ ಇಳಿಸಿದವರು ಓದಿದ ಶಾಲೆ ಎಂಬ ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಹಳೆಯ ಶಾಲೆಗಳೆಂದರೆ ಹೀಗೆ, ಅಲ್ಲಿ ಹೋದ ಹುಡುಗ ಏನಾದರೂ ಆಗಿಯೇ ಬರುತ್ತಾನೆ ಎಂದು ನಂಬಿದೆ.

ಈಗ ಯೋಚಿಸಿದರೆ ಆ ನಂಬಿಕೆಗೆ ಫ್ಲೀಟರ ಬದುಕೇ ಸಾಕ್ಷಿ ಹೇಳುವುದಿಲ್ಲ. ಸಂಸ್ಕೃತವನ್ನು ಅವರು ಕಲಿತದ್ದು ಶಾಲೆ ಬಿಟ್ಟ ಮೇಲೆ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ, ಗೋಲ್ಡ್‌ಸ್ಟುಕರ್ ಎಂಬ ವಿದ್ವಾಂಸರ ಬಳಿ. ಹಳಗನ್ನಡ ಒಲಿದದ್ದು ನಮ್ಮ ನೆಲದಲ್ಲಿ, ಕಲ್ಲುಗಳ ಎದುರು ನಿಂತು. ಶಾಲೆ ಅವರಿಗೆ ಗ್ರೀಕ್, ಲ್ಯಾಟಿನ್‌ಗಳ ಶಿಸ್ತು ಕೊಟ್ಟಿರಬಹುದು. ಬಾದಾಮಿಯನ್ನು ಕೊಡಲಿಲ್ಲ.

ನಾನು ಮಾಡಿದ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ನೀವು ಅದರ ಹೊಸ್ತಿಲಲ್ಲೇ ಇದ್ದೀರಿ. ಮಗ ಪರೀಕ್ಷೆಯಲ್ಲಿ ಪಾಸಾದ, ಸಂದರ್ಶನವೂ ಚೆನ್ನಾಗಿ ಆಯಿತು. ಅರ್ಜಿಯ ಜೊತೆಗೆ ಇನ್ನೊಂದು ನಮೂನೆ ಇತ್ತು. ಕುಟುಂಬದ ಆದಾಯ ನೋಡಿ ಶುಲ್ಕ ಕಡಿಮೆ ಮಾಡುವ ನೆರವು ಅದು, ಬರ್ಸರಿ ಎನ್ನುತ್ತಾರೆ. ನಾನು ಆ ನಮೂನೆಯನ್ನು ತುಂಬಲಿಲ್ಲ.

ಏಕೆ ತುಂಬಲಿಲ್ಲ? ಮೊದಲನೆಯದಾಗಿ ನಾಚಿಕೆ. ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದವನು, ಊರಿನಲ್ಲಿ ನಾಲ್ಕು ಜನಕ್ಕೆ ಸಹಾಯ ಮಾಡುವವನು, ಇಲ್ಲಿ ಬಡವನೆಂದು ಬರೆದುಕೊಡಬೇಕೇ ಅನ್ನಿಸಿತು. ಎರಡನೆಯದಾಗಿ ಭಯ. ಹಣ ಕೇಳಿದರೆ ಸೀಟು ಕೈತಪ್ಪುತ್ತದೆಂದು ತಿಳಿದಿದ್ದೆ. ಆಮೇಲೆ ವಿಚಾರಿಸಿದಾಗ, ಹುಡುಗನನ್ನು ಆರಿಸುವವರು ಬೇರೆ, ಹಣದ ಕಾಗದ ನೋಡುವವರು ಬೇರೆ ಎಂದು ಗೊತ್ತಾಯಿತು. ಮೂರನೆಯದು ಧಾರವಾಡದಲ್ಲಿ ನನ್ನ ಹೆಸರಿನಲ್ಲಿದ್ದ ನಿವೇಶನ. ಆಸ್ತಿ ಎಲ್ಲೇ ಇದ್ದರೂ ತೋರಿಸಬೇಕಿತ್ತು. ಅದನ್ನು ತೋರಿಸಿದರೆ ಹೇಗೂ ಕೊಡುವುದಿಲ್ಲ ಎಂದು ಯಾರನ್ನೂ ಕೇಳದೆ ನಾನೇ ತೀರ್ಮಾನಿಸಿದೆ. ನನ್ನ ಹೆಂಡತಿ ಶಾಲೆಗೆ ಒಂದು ಫೋನ್ ಮಾಡಿ ಕೇಳೋಣ ಎಂದಳು. ಬೇಡವೆಂದೆ. ಗುತ್ತಿಗೆ ಕೆಲಸದಲ್ಲಿ ದಿನದ ಸಂಬಳ ಚೆನ್ನಾಗಿತ್ತು, ಅದು ಏಳು ವರ್ಷ ಹಾಗೆಯೇ ಬರುತ್ತದೆ ಎಂದು ಲೆಕ್ಕ ಹಾಕಿದ್ದೆ.

ಮಗ 2019ರ ಸೆಪ್ಟೆಂಬರ್‌ನಲ್ಲಿ ಸೇರಿದ. 2021ರ ಏಪ್ರಿಲ್‌ನಲ್ಲಿ ಇಲ್ಲಿ ಗುತ್ತಿಗೆಯವರ ತೆರಿಗೆ ನಿಯಮ ಬದಲಾಯಿತು. ನಾನಿದ್ದ ಕಂಪನಿ ನನ್ನಂತಹವರನ್ನೆಲ್ಲ ಕೈಬಿಟ್ಟಿತು. ಶಾಲೆಗೆ ಹೋಗಿ ಪರಿಸ್ಥಿತಿ ಹೇಳಿದೆ. ಅವರು ಗೌರವದಿಂದಲೇ ಕೇಳಿಸಿಕೊಂಡರು, ಆದರೆ ಬರ್ಸರಿ ನಿಧಿ ಸೇರುವ ವರ್ಷದವರಿಗೆ ಹಂಚಿ ಮುಗಿದಿತ್ತು, ನಡುವೆ ಕೊಡಲು ಬಹಳ ಕಡಿಮೆ ಉಳಿದಿತ್ತು. ಮಗನನ್ನು ಬಿಡಿಸಬೇಕಾಯಿತು. ಬಿಡಿಸುವುದಕ್ಕೂ ಒಂದು ಅವಧಿ (ಟರ್ಮ್, ಶಾಲಾ ವರ್ಷದ ಮೂರು ಭಾಗಗಳಲ್ಲಿ ಒಂದು) ಮುಂಚಿತವಾಗಿ ಬರೆದು ತಿಳಿಸಬೇಕು, ಇಲ್ಲದಿದ್ದರೆ ಆ ಅವಧಿಯ ಪೂರ್ತಿ ಶುಲ್ಕ ಕಟ್ಟಬೇಕು. ಇಲ್ಲಿನ ಖಾಸಗಿ ಶಾಲೆಗಳಲ್ಲಿ ಇದು ಸಾಮಾನ್ಯ ಕರಾರು, ನಾನು ಸಹಿ ಹಾಕಿದ ಕಾಗದದಲ್ಲೂ ಇತ್ತು, ಓದಿರಲಿಲ್ಲ. ಮಗ ಕೂರದ ತರಗತಿಗೆ ಶುಲ್ಕ ಕಟ್ಟಲು ಧಾರವಾಡದ ನಿವೇಶನ ಮಾರಿದೆ. ಮೊದಲೇ ಆ ನಮೂನೆ ತುಂಬಿದ್ದರೆ ನಿವೇಶನವೂ ಉಳಿಯುತ್ತಿತ್ತು, ಮಗನೂ ಅಲ್ಲೇ ಉಳಿಯುತ್ತಿದ್ದ ಎಂದು ನನ್ನ ಬಲವಾದ ಅನಿಸಿಕೆ. ಹದಿಮೂರರ ಹುಡುಗನಿಗೆ ಗೆಳೆಯರ ನಡುವಿನಿಂದ ಎದ್ದು ಬರುವುದು ಎಷ್ಟು ಕಷ್ಟವೆಂದು ನಾನು ಅಂದಾಜು ಮಾಡಿರಲಿಲ್ಲ. ಒಂದು ವರ್ಷ ಅವನು ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ.

ಆಮೇಲೆ ಆ ಪಟ್ಟಿಯನ್ನು ನಾನು ಮತ್ತೆ ಓದಿದೆ. ಯಾರು ಏನಾದರು ಎಂಬುದನ್ನು ಬಿಟ್ಟು, ಯಾರ ಶುಲ್ಕವನ್ನು ಯಾರು ಕಟ್ಟಿದರು ಎಂಬುದನ್ನು ಹುಡುಕಿದೆ. ನೀವೂ ಹಾಗೆಯೇ ಓದಬೇಕೆಂದು ಇಷ್ಟೆಲ್ಲ ಬರೆಯುತ್ತಿದ್ದೇನೆ.

ದರ್ಜಿಗಳ ಮತ್ತು ಬಟ್ಟೆ ವ್ಯಾಪಾರಿಗಳ ಸಂಘ 1561ರಲ್ಲಿ ಮರ್ಚೆಂಟ್ ಟೇಲರ್ಸ್ ಶಾಲೆಯನ್ನು ತೆರೆದಾಗ 250 ಹುಡುಗರಿಗೆ ಜಾಗ ಎಂದು ನಿಯಮದಲ್ಲಿ ಬರೆಯಿತು. 100 ಬಡ ಹುಡುಗರಿಗೆ ಪೂರ್ತಿ ಉಚಿತ. 50 ಜನರಿಗೆ ಮೂರು ತಿಂಗಳಿಗೆ 2 ಶಿಲ್ಲಿಂಗ್ 2 ಪೆನ್ಸ್. ಉಳಿದ 100 ಉಳ್ಳವರ ಮಕ್ಕಳಿಗೆ 5 ಶಿಲ್ಲಿಂಗ್. ಶಾಲೆಯ ಮೊದಲ ಪೀಳಿಗೆಯ ಹೆಸರುಗಳು ಬಂದದ್ದು ಈ ಏರ್ಪಾಡಿನಿಂದ. ಸ್ಪೆನ್ಸರ್ ಬಡ ಹುಡುಗ. ರಾಬರ್ಟ್ ನೋವೆಲ್ ಎಂಬ ವಕೀಲ ತೀರಿಕೊಂಡಾಗ ಬಡ ವಿದ್ಯಾರ್ಥಿಗಳಿಗೆ ನಿಲುವಂಗಿ ಹಂಚಿದ ಲೆಕ್ಕದಲ್ಲಿ ಅವನ ಹೆಸರಿದೆ. 1569ರಲ್ಲಿ ಕೇಂಬ್ರಿಡ್ಜಿಗೆ ಹೊರಟಾಗ ಅದೇ ನಿಧಿಯಿಂದ ಅವನಿಗೆ 10 ಶಿಲ್ಲಿಂಗ್ ಕೊಟ್ಟದ್ದೂ ದಾಖಲಾಗಿದೆ. ಅಲ್ಲಿ ಅವನು ಸೇರಿದ್ದು ಸೈಜರ್ ಆಗಿ, ಎಂದರೆ ಸೇವೆ ಮಾಡಿ ಓದುವವನಾಗಿ. ನಮ್ಮ ಧಾರವಾಡದಲ್ಲಿ ವಾರಾನ್ನ ಮಾಡಿಕೊಂಡು ಓದಿದ ಹಿರಿಯರ ಬದುಕು ನೆನಪಾಗುತ್ತದೆ. ಮುಂದೆ ಇಂಗ್ಲಿಷಿನ ದೊಡ್ಡ ಕವಿಯಾದ ಆ ಹುಡುಗ ಕೈಚಾಚಿ ತೆಗೆದುಕೊಂಡದ್ದನ್ನು ನಾನು ಮಾನಕ್ಕೆ ಅಂಜಿ ಬಿಟ್ಟಿದ್ದೆ.

ಆಗಿನ ಮುಖ್ಯೋಪಾಧ್ಯಾಯ ರಿಚರ್ಡ್ ಮಲ್ಕಾಸ್ಟರ್ ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ಹುಡುಗರಿಗೆ ಹೀಬ್ರೂ ಕಲಿಸಿದ, ಹಾಡಲು ಕಲಿಸಿದ, ರಾಣಿ ಎಲಿಜಬೆತ್‌ಳ ಆಸ್ಥಾನದಲ್ಲಿ ನಾಟಕ ಆಡಿಸಿದ, ಕಾಲ್ಚೆಂಡಾಟ ಮೈಗೆ ಒಳ್ಳೆಯದೆಂದು ಬರೆದ. ಪಂಡಿತರೆಲ್ಲ ಲ್ಯಾಟಿನ್ನಿಗೆ ತಲೆಬಾಗುತ್ತಿದ್ದಾಗ, ಲ್ಯಾಟಿನ್ನನ್ನು ಗೌರವಿಸುತ್ತೇನೆ, ಆರಾಧಿಸುವುದು ಇಂಗ್ಲಿಷನ್ನು ಎಂದು 1582ರಲ್ಲಿ ಅಚ್ಚಿನಲ್ಲಿ ಹೇಳಿದ. ಮಾತೃಭಾಷೆಯ ಪರವಾಗಿ ಇಷ್ಟು ಪ್ರೀತಿಯಿಂದ ನಿಂತ ಮೇಷ್ಟ್ರು ಸಿಕ್ಕಿದ್ದು ಸ್ಪೆನ್ಸರನ ಭಾಗ್ಯ. ಆದರೆ ಸಂಬಳದ ಜಗಳದಲ್ಲಿ ಮಲ್ಕಾಸ್ಟರ್ 1586ರಲ್ಲಿ ಬಿಟ್ಟು ಹೋದ, ಮುಂದೆ ಸೇಂಟ್ ಪಾಲ್ಸ್ ಶಾಲೆಯ ಮುಖ್ಯಸ್ಥನಾದ. ಶಾಲೆಯ ಹೆಸರು ಮಾತ್ರ ಅಲ್ಲೇ ಉಳಿಯಿತು. ನಿಮ್ಮ ಮಗನಿಗೆ ಪಾಠ ಹೇಳುವವರು ಯಾರೆಂದು ಯಾವ ಪಟ್ಟಿಯೂ ತಿಳಿಸುವುದಿಲ್ಲ.

ಮಲ್ಕಾಸ್ಟರನ ಕೈಕೆಳಗೇ ಓದಿದ ಥಾಮಸ್ ಕಿಡ್‌ನನ್ನು ನೋಡಿ. ಬರವಣಿಗೆಯ ವೃತ್ತಿಯವನ ಮಗ, ವಿಶ್ವವಿದ್ಯಾಲಯಕ್ಕೆ ಹೋದ ದಾಖಲೆಯಿಲ್ಲ, ಸೇಡಿನ ನಾಟಕ ಬರೆದು ಲಂಡನ್ ರಂಗಭೂಮಿಯ ದಾರಿಯನ್ನೇ ಬದಲಿಸಿದ. 1593ರಲ್ಲಿ ಅವನನ್ನು ಬಂಧಿಸಿ ಚಿತ್ರಹಿಂಸೆ ಕೊಟ್ಟರು. ಮರುವರ್ಷ 35 ವರ್ಷದವನಾಗಿದ್ದಾಗಲೇ ಸತ್ತ. ಅವನು ಬಿಟ್ಟುಹೋದ ಆಸ್ತಿಯ ಹೊಣೆ ತಮಗೆ ಬೇಡವೆಂದು ಹೆತ್ತವರು ಬರೆದುಕೊಟ್ಟರು. ಇನ್ನೊಬ್ಬ ಥಾಮಸ್ ಲಾಡ್ಜ್. ಅವನ ತಂದೆ ಲಂಡನ್ನಿನ ಮೇಯರ್ ಆಗಿದ್ದವನು, ಆ ಪದವಿಯಲ್ಲಿದ್ದಾಗಲೇ ದಿವಾಳಿಯಾದ. ಮಗ ಕಾನೂನು ಓದಿದ, ಕತೆ ಬರೆದ, ಹಡಗು ಹತ್ತಿ ದಕ್ಷಿಣ ಅಮೆರಿಕದ ಕಡೆ ಹೋಗಿ ಬಂದ, ಕೊನೆಗೆ ವೈದ್ಯನಾದ. ಇವರ ಯಶಸ್ಸನ್ನು ಶಾಲೆಯ ಲೆಕ್ಕಕ್ಕೆ ಬರೆದರೆ ಕಷ್ಟಗಳನ್ನು ಯಾರ ಲೆಕ್ಕಕ್ಕೆ ಬರೆಯಬೇಕು?

ಪಟ್ಟಿಯಲ್ಲಿ ಬಿಷಪ್ಪರು ಅಷ್ಟೊಂದು ಇರುವುದಕ್ಕೂ ಕಾರಣವಿದೆ. ಆ ಸಂಘದವನೇ ಆದ ಥಾಮಸ್ ವೈಟ್ 1555ರಲ್ಲಿ ಆಕ್ಸ್‌ಫರ್ಡಿನ ಸೇಂಟ್ ಜಾನ್ಸ್ ಕಾಲೇಜನ್ನು ಸ್ಥಾಪಿಸಿ, ಮುಂದೆ ಅಲ್ಲಿನ ಬಹುಪಾಲು ಫೆಲೋ ಸ್ಥಾನಗಳನ್ನು, ಎಂದರೆ ಕಾಲೇಜಿನ ಖರ್ಚಿನಲ್ಲಿ ಇರುವ ಸದಸ್ಯರ ಜಾಗಗಳನ್ನು, ಈ ಶಾಲೆಯ ಹುಡುಗರಿಗೆಂದು ಮೀಸಲಿಟ್ಟ. ಅಲ್ಲಿಂದ ಚರ್ಚಿನ ಹುದ್ದೆಗಳಿಗೆ ದಾರಿ ನೇರವಾಗಿತ್ತು. 1649ರಲ್ಲಿ ಮೊದಲನೆಯ ಚಾರ್ಲ್ಸ್ ದೊರೆಯ ಶಿರಚ್ಛೇದವಾದಾಗ ವಧಾಸ್ಥಾನದಲ್ಲಿ ಅವನ ಪಕ್ಕದಲ್ಲಿ ನಿಂತಿದ್ದ ವಿಲಿಯಂ ಜಕ್ಸನ್ ಆ ದಾರಿಯಲ್ಲೇ ನಡೆದು ಬಂದವನು, ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ. ಮೀಸಲು ಸೀಟಿನ ಫಲವನ್ನು ನಾವು ಶಾಲೆಯ ಮಹಿಮೆ ಎಂದು ಓದಿಕೊಳ್ಳುತ್ತೇವೆ.

ಕ್ಲೈವ್ ಹೆಸರನ್ನು ನೀವು ಹೆಮ್ಮೆಯಿಂದ ಬರೆದದ್ದು ನನಗೆ ನೋವು ತಂದಿತು. ಹಲವು ಶಾಲೆ ಬದಲಿಸಿದ ಹುಡುಗ ಅವನು, ಇಲ್ಲಿದ್ದದ್ದು ಸ್ವಲ್ಪ ಕಾಲ. ಪ್ಲಾಸಿಯ ನಂತರ ಬಂಗಾಳದಲ್ಲಿ ಅವನೂ ಅವನ ಜೊತೆಯವರೂ ಬಾಚಿಕೊಂಡದ್ದನ್ನು ಓದಿದವರು ಮಗನಿಗೆ ಅವನ ದಾರಿಯನ್ನು ಬಯಸಬಾರದು. ಅದೇ ಶಾಲೆಯಿಂದ ಹೊರಹಾಕಲ್ಪಟ್ಟ ಟೈಟಸ್ ಓಟ್ಸ್ 1678ರಲ್ಲಿ ಕ್ಯಾಥಲಿಕರ ಪಿತೂರಿ ಎಂಬ ಸುಳ್ಳು ಕಟ್ಟಿ, ನಿರಪರಾಧಿಗಳನ್ನು ಗಲ್ಲಿಗೆ ಕಳುಹಿಸಿದ. ಅವನೂ ಹಳೆಯ ವಿದ್ಯಾರ್ಥಿಯೇ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ಹಳೆಯ ಶಾಲೆ ಎಂದು ತೂಗುವ ಮೊದಲು ಏಳು ವರ್ಷದ ಹಣ ಎಲ್ಲಿಂದ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಲಂಡನ್ನಿನ ಇಂತಹ ಶಾಲೆಗಳಲ್ಲಿ ವರ್ಷಕ್ಕೆ 20,000 ಪೌಂಡ್ ದಾಟುತ್ತದೆ, 2025ರ ಜನವರಿಯಿಂದ ಶುಲ್ಕದ ಮೇಲೆ ಶೇ 20 ವ್ಯಾಟ್ ಕೂಡ ಸೇರಿದೆ. ಸ್ಕಾಲರ್‌ಶಿಪ್ ಬಂದರೆ ಸಾಕು ಎಂದಿದ್ದೀರಿ. ಈಗ ಹೆಚ್ಚಿನ ಕಡೆ ಅದು ಗೌರವದ ಗುರುತು, ಶುಲ್ಕದಲ್ಲಿ ಕಳೆಯುವುದು ಅಲ್ಪ. ನಿಜವಾಗಿ ಭಾರ ಇಳಿಸುವುದು ಬರ್ಸರಿ. ಹಳೆಯದೇ ಬೇಕೆಂಬ ಆಸೆಯಿದ್ದರೆ ಬಾರ್ನೆಟ್‌ನ ಕ್ವೀನ್ ಎಲಿಜಬೆತ್ಸ್ ಶಾಲೆ 1573ರದ್ದು, ಪರೀಕ್ಷೆ ನಡೆಸಿ ಸೇರಿಸಿಕೊಳ್ಳುವ ಸರ್ಕಾರಿ ಗ್ರಾಮರ್ ಶಾಲೆ, ಶುಲ್ಕವಿಲ್ಲ. ಪರೀಕ್ಷೆ ಬಹಳ ಕಠಿಣ. ಬರೆಸಿ ನೋಡಿ, ಆದರೆ ಅದಕ್ಕಾಗಿ ಮಗನ ಆಟವನ್ನೂ ಶನಿವಾರದ ಕನ್ನಡ ತರಗತಿಯನ್ನೂ ಬಿಡಿಸಬೇಡಿ. ನಾನು ಅದನ್ನೂ ಬಿಡಿಸಿದ್ದೆ.

ನನ್ನ ಮಗ ಈಗ ಮನೆಯ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಎ ಲೆವೆಲ್ (ನಮ್ಮ ಪಿಯುಸಿಯಂತಹದು) ಓದುತ್ತಿದ್ದಾನೆ. ಅಲ್ಲಿನ ಭೂಗೋಳದ ಮೇಡಂ ಅವನನ್ನು ಎತ್ತಿ ನಿಲ್ಲಿಸಿದರು. ಅವರ ಹೆಸರು ಯಾವ ಪಟ್ಟಿಗೂ ಬರುವುದಿಲ್ಲ, ನನ್ನ ಮನೆಯಲ್ಲಿ ಮಾತ್ರ ದಿನವೂ ಬರುತ್ತದೆ.

ನೀವು ಈ ವಾರವೇ ಶಾಲೆಯ ಹಣಕಾಸು ನೋಡುವ ಬರ್ಸರ್ ಕಚೇರಿಗೆ ಬರೆಯಿರಿ. ಬರ್ಸರಿ ಅರ್ಜಿಯ ಕೊನೆಯ ದಿನ ಯಾವುದು, ಊರಿನ ಆಸ್ತಿಯನ್ನು ಹೇಗೆ ಲೆಕ್ಕ ಹಾಕುತ್ತಾರೆ, ಓದುವ ನಡುವೆ ಕೆಲಸ ಹೋದರೆ ಏನು ಮಾಡುತ್ತಾರೆ, ಬಿಡಿಸಲು ಎಷ್ಟು ಮುಂಚೆ ತಿಳಿಸಬೇಕು ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಹಲವು ಶಾಲೆಗಳಲ್ಲಿ ಆ ಕೊನೆಯ ದಿನ ಪ್ರವೇಶ ಪರೀಕ್ಷೆಗಿಂತ ಮೊದಲೇ ಮುಗಿದುಹೋಗುತ್ತದೆ.