ಹೊಸ್ತಿಲಿಲ್ಲದ ಮನೆಯ ಹೊರಗೆ ಬಿಟ್ಟ ಚಪ್ಪಲಿ

ಮನ ಕಲಕುವ ಕ್ಷಣಗಳನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಹೇಗೆ, ತಾವು ತೆಗೆದ ಅಂತಹ ಒಂದು ಚಿತ್ರದ ಹಿಂದಿನ ಕಥೆ ಏನು ಎಂದು ಕೇಳಿದ್ದೀರಿ. ಬಾಗಲಕೋಟೆಯಲ್ಲಿ ಹಲವು ವರ್ಷಗಳಿಂದ ಮದುವೆ, ಕುಬಸ (ಸೀಮಂತ), ತೊಟ್ಟಿಲ ಕಾರ್ಯಗಳ ಫೋಟೋ ತೆಗೆಯುತ್ತ ಬಂದಿರುವ ನಾನು ಮೊದಲು ಕಥೆಯನ್ನೇ ಹೇಳುತ್ತೇನೆ. ಹೇಗೆ ಎಂಬುದರ ಬಹುಪಾಲು ಅದರಲ್ಲಿಯೇ ಇದೆ.

ನಮ್ಮೂರನ್ನು ಮುಳುಗಡೆ ನಗರಿ ಎನ್ನುತ್ತಾರೆ. ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಕಟ್ಟಿದ ಜಲಾಶಯದ ಹಿನ್ನೀರು ಘಟಪ್ರಭೆಯ ಗುಂಟ ಹಿಂದಕ್ಕೆ ಹಬ್ಬಿ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ಆವರಿಸಿತು. ಅಲ್ಲಿಯ ಮನೆತನಗಳು ನವನಗರದ ಸೆಕ್ಟರುಗಳಲ್ಲಿ ಹಂಚಿಹೋದವು. ಜಲಾಶಯ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದ ತನ್ನ ಪೂರ್ಣ ಮಟ್ಟಕ್ಕೆ ತುಂಬಿ ನಿಂತಾಗ ಎಲ್ಲೆಲ್ಲೂ ನೀರು, ಬೇಸಿಗೆಯಲ್ಲಿ ನೀರು ಸರಿದಾಗ ಕೆಲವೆಡೆ ತಳಪಾಯದ ಕಲ್ಲುಗಳು ಮೇಲೇಳುತ್ತವೆ. ಅಂತಹ ಒಂದು ಏಪ್ರಿಲ್‌ನಲ್ಲಿ, ಮದುವೆ ನಿಶ್ಚಯವಾಗಿದ್ದ ಹುಡುಗಿಯೊಬ್ಬಳ ಅಜ್ಜಿ, ತಮ್ಮ ಹಳೆಯ ಮನೆಯ ಜಾಗದಲ್ಲಿ ಮೊಮ್ಮಗಳೊಂದಿಗೆ ಒಂದು ಫೋಟೋ ಬೇಕೆಂದು ಕೇಳಿದರು.

ಅಲ್ಲಿ ಮನೆ ಎನ್ನಲು ಏನೂ ಉಳಿದಿರಲಿಲ್ಲ. ಬಿರುಕು ಬಿಟ್ಟ ಒಣ ರಾಡಿ, ಒಂದು ಸಾಲು ಕಲ್ಲು, ಅಂಚು ಒಡೆದ ಒಂದು ಒರಳು, ಅಷ್ಟೇ. ಅಜ್ಜಿಯ ಕಣ್ಣಲ್ಲಿ ನೀರು ಬರುತ್ತದೆಂದು ಎಣಿಸಿ ನಾನು ಅವರ ಮುಖಕ್ಕೇ ಫೋಕಸ್ ಮಾಡಿಕೊಂಡು ಕಾದೆ. ಅವರು ಅಳಲಿಲ್ಲ. ಕಲ್ಲಿನ ಸಾಲಿನ ಹತ್ತಿರ ಬಂದು, ನಿಂತು, ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಚಪ್ಪಲಿಗಳನ್ನು ಒಂದರ ಪಕ್ಕ ಒಂದಿಟ್ಟು, ಆ ಸುಡುವ ನೆಲದ ಮೇಲೆ ಬರಿಗಾಲಲ್ಲಿ ಒಳಗೆ ಹೋದರು. ಹೌದು, ಒಳಗೆ ಎಂದೇ ಹೇಳಬೇಕು. ನಾಲ್ಕು ಹೆಜ್ಜೆ ನಡೆದು ಹಿಂದಿರುಗಿ ನೋಡಿ, "ಒಳಗ ಬಾರೋ ತಮ್ಮಾ, ಬಿಸಲಾಗ ಯಾಕ ನಿಂತಿ?" ಎಂದು ನನ್ನನ್ನು ಕರೆದರು. ಒಳಗೂ ಹೊರಗೂ ಇದ್ದದ್ದು ಒಂದೇ ಬಿಸಿಲು. ನಾನೂ ಬೂಟು ಬಿಚ್ಚಿಟ್ಟೆ.

ಚಪ್ಪಲಿ ಬಿಡುವ ಕ್ಷಣ ನನಗೆ ಸಿಗಲಿಲ್ಲ. ಲೆನ್ಸ್ ಮುಖದ ಮೇಲಿತ್ತು. ಸಿಕ್ಕದ್ದು ಅದರ ಮರುಕ್ಷಣ: ಮುಂದೆ ಚಪ್ಪಲಿಗಳ ಜೋಡಿ, ನಡುವೆ ಕಲ್ಲಿನ ಸಾಲು, ಆಚೆ ನಡೆದು ಹೋಗುತ್ತಿರುವ ಅಜ್ಜಿಯ ಬೆನ್ನು. ಮೊಮ್ಮಗಳು ಕೇಳಿದ್ದಕ್ಕೆ ಪಡಸಾಲೆ ಎಲ್ಲಿತ್ತು, ನೀರಿನ ಹರವಿ ಎಲ್ಲಿರುತ್ತಿತ್ತು, ದೇವರ ಜಗಲಿ ಯಾವ ಮೂಲೆಗೆ ಎಂಬುದನ್ನೆಲ್ಲ ಅವರು ಕೈ ಮಾಡಿ ತೋರಿಸಿದರು. ಅದನ್ನು ನಾನು ಅಂದೇ ರಾತ್ರಿ ಅವರ ಮಾತಿನಲ್ಲಿಯೇ ಬರೆದಿಟ್ಟುಕೊಂಡೆ.

ಅಂದಿನಿಂದ ನಾನು ಮುಖವೊಂದನ್ನೇ ನಂಬುವುದಿಲ್ಲ. ಮದುವೆಯಲ್ಲಿ ಮಗಳಿಗೆ ಉಡಿ ತುಂಬಿ ಕಳಿಸುವಾಗ ಎಲ್ಲ ಕ್ಯಾಮೆರಾಗಳೂ ತಾಯಿಯ ಕಡೆಗೆ ತಿರುಗಿರುತ್ತವೆ. ತಂದೆ ಎಷ್ಟೋ ಸಲ ಹಂದರದ ಹಿಂದೆ, ಎಣಿಸಬೇಕಾಗಿಲ್ಲದ ಪಾತ್ರೆಗಳನ್ನು ಎಣಿಸುತ್ತ ನಿಂತಿರುತ್ತಾನೆ. ತಂತ್ರದ ವಿಷಯದಲ್ಲಿ ಹೇಳುವುದು ಸ್ವಲ್ಪವೇ. ದೂರದಿಂದ ಎಳೆದು ತರುವ ಜೂಮ್‌ಗಿಂತ 35 ಮಿಲಿಮೀಟರ್ ಲೆನ್ಸ್ ನನಗೆ ಮೇಲು, ಏಕೆಂದರೆ ಅದನ್ನು ಹಿಡಿದವನು ಜನರ ಹತ್ತಿರ ಹೋಗಲೇಬೇಕು, ಹತ್ತಿರ ಹೋಗಲು ಅವರ ಒಪ್ಪಿಗೆ ಬೇಕೇ ಬೇಕು. ಫ್ಲ್ಯಾಶ್ ಬೇಡ. ಚಲನೆ ಮಸುಕಾಗದಿರಲು ಶಟರ್ ವೇಗ 1/250 ಸೆಕೆಂಡಿಗಿಂತ ನಿಧಾನವಾಗದಂತೆ ಮೊದಲೇ ಹೊಂದಿಸಿಟ್ಟುಕೊಳ್ಳಿ. ಬೆಳ್ಳನೆಯ ಒಣ ರಾಡಿಯಂತಹ ಪ್ರಖರ ಹಿನ್ನೆಲೆಯಿದ್ದಾಗ ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಮೋಸಹೋಗಿ ಚಿತ್ರವನ್ನು ಕಪ್ಪಾಗಿಸುತ್ತದೆಯಾದ್ದರಿಂದ ಎಕ್ಸ್‌ಪೋಷರ್ ಒಂದು ಸ್ಟಾಪ್‌ನಷ್ಟು, ಅಂದರೆ ಒಳಬರುವ ಬೆಳಕು ಎರಡು ಪಟ್ಟಾಗುವಷ್ಟು, ಹೆಚ್ಚಿಸಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ಕೆಲಸ ಹೆಸರು ಕೇಳುವುದು. 1936ರಲ್ಲಿ ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ಅವರು ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ, ಬಟಾಣಿ ಬಿಡಿಸುವ ಕೂಲಿಗಳ ಬಿಡಾರದಲ್ಲಿ, ಮಕ್ಕಳು ಆತುಕೊಂಡಿದ್ದ ತಾಯಿಯೊಬ್ಬಳ ಚಿತ್ರ ತೆಗೆದರು. ಜಗತ್ತೆಲ್ಲ ನೋಡಿದ ಚಿತ್ರ ಅದು. ಆಕೆಯ ಹೆಸರನ್ನು ತಾವು ಕೇಳಲಿಲ್ಲವೆಂದು ಲ್ಯಾಂಗ್ ಅವರೇ ಮುಂದೆ ಬರೆದರು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬುದು ಹೊರಬಿದ್ದದ್ದು 1978ರಲ್ಲಿ, 42 ವರ್ಷಗಳ ನಂತರ. ಆ ಚಿತ್ರದ ಬಗ್ಗೆ ಆಕೆಗೆ ನೋವೇ ಇತ್ತು. ಇದನ್ನು ಓದಿದಾಗಿನಿಂದ ನಾನು ಚಿತ್ರದಲ್ಲಿರುವವರ ಹೆಸರು, ಊರು, ಅವರಾಡಿದ ಒಂದು ಮಾತು, ಇಷ್ಟನ್ನಾದರೂ ಪ್ರಿಂಟಿನ ಹಿಂದೆ ಬರೆಯುತ್ತೇನೆ, ಮೊದಲ ಪ್ರತಿಯನ್ನು ಅವರಿಗೇ ತಲುಪಿಸುತ್ತೇನೆ.

ಅಜ್ಜಿಯ ಪ್ರತಿಯನ್ನು ನವನಗರದ ಮನೆಗೆ ಒಯ್ದು ಕೊಟ್ಟಾಗ ಮೊಮ್ಮಗಳಿಗೆ ಸ್ವಲ್ಪ ಬೇಸರವೇ ಆಯಿತು, ಏಕೆಂದರೆ ಅದರಲ್ಲಿ ಅಜ್ಜಿಯ ಮುಖ ಕಾಣುತ್ತಿರಲಿಲ್ಲ. ಅಜ್ಜಿ ಮಾತ್ರ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಚಪ್ಪಲಿಗಳ ಮೇಲೆ ಬೆರಳಿಟ್ಟು, ಆಕೆಯನ್ನು ಹತ್ತಿರ ಕರೆದರು. "ಇಲ್ಲೇ ನೋಡವ್ವಾ, ಇದ ನಮ್ಮ ತಲಬಾಗಿಲ."