ಎಲ್‌ಎಲ್‌ಎಂಗೆ ಅರ್ಜಿ ಹಾಕುವ ಮೊದಲು ಬಾರ್ ಪರೀಕ್ಷೆಯ ಲೆಕ್ಕ ನೋಡು

ತಂಗಿ,

ಹುಬ್ಬಳ್ಳಿಯಲ್ಲಿ ಎಲ್‌ಎಲ್‌ಬಿ ಮುಗಿಸಿ ಧಾರವಾಡ ಹೈಕೋರ್ಟ್ ಪೀಠದಲ್ಲಿ ಸೀನಿಯರ್ ಹತ್ತಿರ ಪ್ರಾಕ್ಟೀಸ್ ಮಾಡುತ್ತಿದ್ದೀಯ. ನ್ಯೂಯಾರ್ಕ್‌ನಲ್ಲಿ ಎಲ್‌ಎಲ್‌ಎಂಗೆ (ಕಾನೂನಿನ ಸ್ನಾತಕೋತ್ತರ ಪದವಿಗೆ) ಯಾವ ಕಾಲೇಜು ಒಳ್ಳೆಯದು, ಮುಗಿದ ಮೇಲೆ ಇಲ್ಲೇ ಅಮೆರಿಕದಲ್ಲಿ ಕೆಲಸ ಸಿಗುತ್ತದಾ ಎಂದು ಕೇಳಿದ್ದೀಯ. ಎರಡನೆಯದನ್ನೇ ಮೊದಲು ಹೇಳುತ್ತೇನೆ. ಅದು ತಿಳಿಯದೆ ಕಾಲೇಜು ಆರಿಸಲು ಆಗುವುದಿಲ್ಲ.

ಎಲ್‌ಎಲ್‌ಎಂ ಡಿಗ್ರಿ ಒಂದರಿಂದಲೇ ಇಲ್ಲಿ ವಕೀಲಿಕೆ ಮಾಡುವಂತಿಲ್ಲ. ವಕೀಲರ ಲೈಸೆನ್ಸ್‌ಗಾಗಿ ನಡೆಸುವ ಬಾರ್ ಪರೀಕ್ಷೆ ಪಾಸಾಗಲೇಬೇಕು. ನ್ಯೂಯಾರ್ಕ್‌ನವರು ನಿನ್ನ ಎಲ್‌ಎಲ್‌ಬಿಯ ಅವಧಿಯನ್ನೂ, ಅದು ಕಾಮನ್ ಲಾ (ಇಂಗ್ಲೆಂಡಿನಿಂದ ಬಂದ, ಹಿಂದಿನ ತೀರ್ಪುಗಳನ್ನು ಅನುಸರಿಸುವ) ಪದ್ಧತಿಯದ್ದೇ ಎಂಬುದನ್ನೂ ನೋಡುತ್ತಾರೆ. ಎರಡೂ ಸರಿಯಿದ್ದರೆ ಎಲ್‌ಎಲ್‌ಎಂ ಇಲ್ಲದೆಯೂ ಪರೀಕ್ಷೆಗೆ ಕೂರಬಹುದು. ಒಂದರಲ್ಲಿ ಕೊರತೆ ಬಿದ್ದರೆ ಎಲ್‌ಎಲ್‌ಎಂ ಮಾಡಿ ಸರಿಪಡಿಸಿಕೊಳ್ಳಬಹುದು. ಇದನ್ನು ಅಲ್ಲಿ ಬಾರ್ ಪರೀಕ್ಷೆ ನಡೆಸುವ ಬೋರ್ಡ್ ಆಫ್ ಲಾ ಎಕ್ಸಾಮಿನರ್ಸ್ ಮುಂಚೆಯೇ ಪರಿಶೀಲಿಸಿ ತಿಳಿಸುತ್ತದೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ಹಾಗಾಗಿ ಆ ಅರ್ಜಿ ಈಗಲೇ ಹಾಕು.

ಎಲ್‌ಎಲ್‌ಎಂ ಬೇಕೇ ಬೇಕು ಅಂತಾದರೆ 24 ಕ್ರೆಡಿಟ್ ಇರಬೇಕು. ಅದರಲ್ಲಿ ವಕೀಲಿ ವೃತ್ತಿಧರ್ಮಕ್ಕೆ 2, ಕಾನೂನು ಸಂಶೋಧನೆ ಮತ್ತು ಬರವಣಿಗೆಗೆ 2, ಅಮೆರಿಕದ ಕಾನೂನು ಪರಿಚಯಕ್ಕೆ 2, ಬಾರ್ ಪರೀಕ್ಷೆಯಲ್ಲಿ ಬರುವ ವಿಷಯಗಳಿಗೆ 6. ಟ್ಯಾಕ್ಸ್, ಐಪಿ (ಬೌದ್ಧಿಕ ಆಸ್ತಿ) ಅಂತ ಒಂದೇ ವಿಷಯದ ಎಲ್‌ಎಲ್‌ಎಂ ಸೇರುವವರು ಈ ಕ್ರೆಡಿಟ್‌ಗಳೆಲ್ಲ ಸಿಗುತ್ತವೆ ಎಂದು ಕಾಲೇಜಿನವರ ಹತ್ತಿರ ಬರೆಸಿಕೊಂಡೇ ಸೇರಬೇಕು.

ಮುಂದಿನ ತಿಂಗಳುಗಳನ್ನು ಈಗಲೇ ಲೆಕ್ಕ ಹಾಕು. ಕ್ಲಾಸು ಮುಗಿಯುವುದು ಮೇನಲ್ಲಿ. ಬಾರ್ ಪರೀಕ್ಷೆ ಜುಲೈ ಕೊನೆಗೆ. ರಿಸಲ್ಟ್ ಬರುವಷ್ಟರಲ್ಲಿ ಅಕ್ಟೋಬರ್ ಬಂದಿರುತ್ತದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಓಪಿಟಿಯಲ್ಲಿ (ಓದಿದ ವಿಷಯದಲ್ಲೇ ಕೆಲಸ ಮಾಡಲು ಕೊಡುವ ಅನುಮತಿಯಲ್ಲಿ) ಕೆಲಸ ಮಾಡಲು 12 ತಿಂಗಳು ಕೊಡುತ್ತಾರೆ, ಅದರಲ್ಲಿ 90 ದಿನಕ್ಕಿಂತ ಜಾಸ್ತಿ ಕೆಲಸವಿಲ್ಲದೆ ಇರುವಂತಿಲ್ಲ. ಇಂಜಿನಿಯರುಗಳಿಗೆ ಸಿಗುವ ಇನ್ನೆರಡು ವರ್ಷ ನಮಗಿಲ್ಲ. ಅಂದರೆ ಲೈಸೆನ್ಸ್ ಕೈಗೆ ಬರುವ ಮೊದಲೇ ಲಾ ಕ್ಲರ್ಕ್ ಆಗಿಯೋ ಇನ್ನೇನಾಗಿಯೋ ಕೆಲಸ ಹುಡುಕಬೇಕು. ದೊಡ್ಡ ಕಾಲೇಜುಗಳ ಫೀಸೇ 70,000 ಡಾಲರ್ ದಾಟುತ್ತದೆ, ಊಟ ಬಾಡಿಗೆ ಬೇರೆ. ಅಪ್ಪನ ಮನೆ ಪತ್ರ ಬ್ಯಾಂಕಿನಲ್ಲಿಟ್ಟು ಬರುವುದಾದರೆ ಈ ಲೆಕ್ಕವನ್ನು ಮನೆಯವರ ಮುಂದೆ ಕೂತು ಹೇಳು. ಅವರಿಗೂ ಗೊತ್ತಿರಬೇಕು, ಅಲ್ವಾ?

ಇಷ್ಟಾದ ಮೇಲೂ ಬರುತ್ತೇನೆ ಅನ್ನಿಸಿದರೆ ಧೈರ್ಯವಾಗಿ ಬಾ. ಅರ್ಜಿಯ ಕೆಲಸ ಅಂಥ ಕಷ್ಟವಲ್ಲ. ಎಲ್‌ಎಲ್‌ಎಂಗೆ ಎಲ್‌ಸ್ಯಾಟ್ (ಲಾ ಕಾಲೇಜಿನ ಪ್ರವೇಶ ಪರೀಕ್ಷೆ) ಕೇಳುವುದಿಲ್ಲ, ಇಂಗ್ಲಿಷ್ ಪರೀಕ್ಷೆಗಳಾದ ಟೋಫೆಲ್ ಅಥವಾ ಐಇಎಲ್‌ಟಿಎಸ್ ಸಾಕು. ನಿಜವಾಗಿ ಸಮಯ ಕೊಡಬೇಕಾದ್ದು ಎಸ್‌ಒಪಿಗೆ, ಅಂದರೆ ಈ ಓದು ಏಕೆ ಬೇಕು ಎಂದು ನೀನೇ ಬರೆಯುವ ಪತ್ರಕ್ಕೆ. "ಬಾಲ್ಯದಿಂದಲೂ ನ್ಯಾಯದ ಹಂಬಲ" ಅಂತ ಸುಮ್ನೆ ಶುರು ಮಾಡಬೇಡ. ಆಲಮಟ್ಟಿ ಹಿನ್ನೀರಿಗೆ ಜಮೀನು ಕಳೆದುಕೊಂಡವರ ಪರಿಹಾರದ ಅಪೀಲುಗಳನ್ನು ಡ್ರಾಫ್ಟ್ ಮಾಡಿದ್ದೇನೆ ಎಂದು ಬರೆದಿದ್ದೆಯಲ್ಲ, ಅದನ್ನೇ ಬರಿ. ಎಕರೆಗೆ ಬೆಲೆ ಕಟ್ಟಲು ಯಾವ ಮಾರಾಟ ಪತ್ರಗಳನ್ನು ಹಾಜರುಪಡಿಸಿದಿರಿ, ಕೋರ್ಟು ಯಾವುದನ್ನು ಒಪ್ಪಲಿಲ್ಲ, ಏಕೆ. ಅದನ್ನು ಓದಿದವರಿಗೆ ನಿನಗೆ ಕೆಲಸ ಗೊತ್ತು ಅಂತ ತಿಳಿಯುತ್ತದೆ. ಶಿಫಾರಸು ಪತ್ರವೂ ಹಾಗೆಯೇ. ನಿನ್ನ ಮುಖ ನೋಡದ ನ್ಯಾಯಮೂರ್ತಿಗಳಿಗಿಂತ, ನಿನ್ನ ಡ್ರಾಫ್ಟ್ ತಿದ್ದಿದ ಸೀನಿಯರ್ ಬರೆದದ್ದಕ್ಕೇ ತೂಕ ಜಾಸ್ತಿ.

ಮಾರ್ಕ್ಸ್ ಕಾರ್ಡಿನ ಟ್ರಾನ್ಸ್‌ಕ್ರಿಪ್ಟ್ ಎಲ್‌ಸ್ಯಾಕ್‌ಗೆ (ದಾಖಲೆಗಳನ್ನು ಒಟ್ಟುಮಾಡಿ ಲಾ ಕಾಲೇಜುಗಳಿಗೆ ಕಳಿಸುವ ಸಂಸ್ಥೆಗೆ) ಯೂನಿವರ್ಸಿಟಿಯಿಂದಲೇ ನೇರವಾಗಿ ಹೋಗಬೇಕು, ನೀನು ಕಳಿಸಿದರೆ ನಡೆಯುವುದಿಲ್ಲ. ನವನಗರದ ಯೂನಿವರ್ಸಿಟಿ ಕಚೇರಿಗೆ ನೀನೇ ಹೋಗಿ ಅರ್ಜಿ ಕೊಡು, ಸ್ವೀಕೃತಿ ತಗೋ. ಎರಡು ಕಾಲೇಜಿನಲ್ಲಿ ಸೀಟು ಸಿಕ್ಕರೆ ಒಬ್ಬರ ಸ್ಕಾಲರ್‌ಶಿಪ್ ಪತ್ರ ತೋರಿಸಿ ಇನ್ನೊಬ್ಬರನ್ನು ಕೇಳು. ಇಲ್ಲಿ ಅದು ತಪ್ಪಲ್ಲ. ಎಷ್ಟೋ ಸಲ ಹೆಚ್ಚಿಸುತ್ತಾರೆ.